ರೊಚ್ಚುನೀರಿನ ಕೆಸರು ತಳಕ್ಕಿಳಿಯುವ ಬಗೆ

ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿಗಳ ಕಡೆ ಬೇಸಗೆಯಲ್ಲಿ ಕೆರೆಯ ಗೋಡುಮಣ್ಣನ್ನು ಹೊಲಕ್ಕೆ ಹೇರುವ ರೈತನಿಗೆ, ನಿಂತ ನೀರಿನಲ್ಲಿ ಮಣ್ಣು ತಾನಾಗಿ ತಳ ಹಿಡಿಯುವುದೆಂಬುದನ್ನು ಹೇಳಿಕೊಡಬೇಕಾಗಿಲ್ಲ. ಊರ ಚರಂಡಿಯ ನೀರಿನ ಸಂಗತಿ ಬೇರೆ. ಅದರ ಕಶ್ಮಲದ ಬಹುಭಾಗವು ಕರಗಿಯೋ ಅತಿ ಸೂಕ್ಷ್ಮ ಕಣಗಳಾಗಿಯೋ ಇರುವುದರಿಂದ, ನಿಲ್ಲಿಸಿಟ್ಟ ಮಾತ್ರಕ್ಕೆ ಅದು ತಿಳಿಯಾಗದು. ಕರಗಿದುದನ್ನು ಕೆಸರಾಗಿ ಮಾರ್ಪಡಿಸುವ ಕಾರ್ಯ ಬ್ಯಾಕ್ಟೀರಿಯಗಳದು.

ರೊಚ್ಚುನೀರಿಗೆ ಗಾಳಿಯನ್ನು ಊದಿದರೆ ಇವು ಆಮ್ಲಜನಕದ ನೆರವಿನಿಂದ ಕಶ್ಮಲವನ್ನು ಉಣ್ಣುತ್ತವೆ. ಅದರಲ್ಲಿ ಒಂದಂಶ ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗುತ್ತದೆ, ಇನ್ನೊಂದಂಶ ಅವುಗಳ ಒಡಲಾಗುತ್ತದೆ. ಆದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನಷ್ಟಿರುವ ಒಂಟಿ ಬ್ಯಾಕ್ಟೀರಿಯ ತಳಕ್ಕಿಳಿಯುವುದೆಂತು? ಆಹಾರವು ಕಡಿಮೆಯಾದಂತೆ ಅವು ತಾವೇ ಸ್ರವಿಸಿದ ಅಂಟಿನಲ್ಲಿ ಗುಂಪುಗೂಡಿ, ತೇಲುವ ಕಣಗಳನ್ನೂ ಸೆರೆಹಿಡಿದು, ಕಂದು ಬಣ್ಣದ ಹಿಂಜಲುಗಳಾಗುತ್ತವೆ. ಚಿಲ್ಲದ ಬೀಜವನ್ನು ತೇಯ್ದು ರಾಡಿನೀರನ್ನು ತಿಳಿಗೊಳಿಸುತ್ತಿದ್ದ ನಮ್ಮ ಹಿರಿಯರಿಗೆ ಇದು ಅಪರಿಚಿತವೆನಿಸದು. ನೂಲಿನಂತಹ ಬ್ಯಾಕ್ಟೀರಿಯಗಳು ಮಿತಿಮೀರಿ ಬೆಳೆದರೆ ಮಾತ್ರ ಕೆಸರು ಉಬ್ಬಿ, ಇಳಿಯಲೊಲ್ಲದು.

ಇಳಿದ ಕೆಸರಿನ ಬೆಲೆಯನ್ನು ಅರಿತವರು ಮ್ಯಾಂಚೆಸ್ಟರಿನ ಆರ್ಡರ್ನ್ ಮತ್ತು ಲಾಕೆಟ್. ಮೊದಲ ಸಲ ರೊಚ್ಚುನೀರು ಶುದ್ಧವಾಗಲು ಸುಮಾರು ಐದು ವಾರ ಹಿಡಿಯಿತು. ತಳದ ಕೆಸರನ್ನು ಚೆಲ್ಲದೆ ಅದರ ಮೇಲೆಯೇ ಹೊಸ ನೀರನ್ನು ತುಂಬುತ್ತ ಹೋದಾಗ ಅವಧಿಯು ಕೆಲವೇ ಗಂಟೆಗಳಿಗೆ ಇಳಿಯಿತು. ಹೆಪ್ಪಿನಿಂದ ಹಾಲು ಮೊಸರಾದಂತೆ. 1914ರ ಏಪ್ರಿಲ್ 3ರಂದು ಅವರು ಇದನ್ನು ಪ್ರಕಟಪಡಿಸಿದರು. ಅವರಿಗೆ ಪ್ರೇರಕರಾಗಿದ್ದ ಗಿಲ್ಬರ್ಟ್ ಫೌಲರ್ 1916ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಬಂದರು.

ಮ್ಯಾಂಚೆಸ್ಟರಿನ ಕಥೆಯನ್ನು ಹೇಳಿ ಅಲ್ಲಿಗೇ ನಿಲ್ಲುವುದು ವಾಡಿಕೆ. ಅದು ನ್ಯಾಯವಲ್ಲ. ಅದೇ ಸಂಸ್ಥೆಯ ಎಸ್. ಸಿ. ಪಿಳ್ಳೆ ಮತ್ತು ವಿ. ಸುಬ್ರಹ್ಮಣ್ಯನ್ (ಇವರೇ ಮುಂದೆ ಮೈಸೂರಿನ ಆಹಾರ ಸಂಶೋಧನಾಲಯದ ಮೊದಲ ನಿರ್ದೇಶಕರು) 1942ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬೇರೊಂದು ವಾದವನ್ನು ಮುಂದಿಟ್ಟರು: ನೀರನ್ನು ತಿಳಿಗೊಳಿಸುವುದರಲ್ಲಿ ಪ್ರಧಾನ ಪಾತ್ರವು ಆದಿಜೀವಿಗಳದು, ಅಂದರೆ ಪ್ರೋಟೋಜೋವಗಳದು. ಈ ವಾದವು ಪೂರ್ಣವಾಗಿ ನಿಲ್ಲಲಿಲ್ಲ. ಆದಿಜೀವಿಗಳಿಲ್ಲದೆಯೂ ಬ್ಯಾಕ್ಟೀರಿಯಗಳು ಹಿಂಜಲುಗಟ್ಟಬಲ್ಲವು. ಆದರೆ 1968ರಲ್ಲಿ ಇಂಗ್ಲೆಂಡಿನಲ್ಲಿ ಕರ್ಡ್ಸ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗದಲ್ಲಿ, ಲೋಮಾಂಗಿ ಆದಿಜೀವಿಗಳಿಲ್ಲದ ತೊಟ್ಟಿಯ ನೀರು ಕದಡಾಗಿಯೇ ಹೊರಬಂದಿತು. ಅವನ್ನು ಸೇರಿಸಿದಾಗ ತಿಳಿಯಾಯಿತು. ಗುಂಪಿಗೆ ಸೇರದೆ ಉಳಿದ ಒಂಟಿ ಬ್ಯಾಕ್ಟೀರಿಯಗಳನ್ನು ಇವು ತಿಂದುಹಾಕುತ್ತವೆ. ಬೆಂಗಳೂರಿನವರು ಬೆರಳಿಟ್ಟು ತೋರಿಸಿದ ಎಡೆ ಸರಿಯಾಗಿಯೇ ಇತ್ತೆಂದು ನನ್ನ ಅಭಿಪ್ರಾಯ.

ಇಳಿದ ಕೆಸರಿನಲ್ಲಿ ಒಂದು ಪಾಲನ್ನು ಹೆಪ್ಪಿನಂತೆ ಮತ್ತೆ ತೊಟ್ಟಿಗೆ ಹಾಯಿಸುತ್ತಾರೆ. ಮಿಕ್ಕಿದ್ದು ಸಾರವತ್ತಾದ ಗೊಬ್ಬರವೇ ಹೌದು. ಆದರೂ ರೋಗಾಣುಗಳೂ ಕಾರ್ಖಾನೆಯ ಲೋಹಾಂಶಗಳೂ ಅದರಲ್ಲಿ ಉಳಿದಿರಬಹುದಾದ್ದರಿಂದ, ಕೆರೆಯ ಗೋಡಿನಂತೆ ನೇರವಾಗಿ ಹೊಲಕ್ಕೆ ಹೇರುವಂತಿಲ್ಲ.