ಮೊಲದ ಬಾಲದೊಳಗೆ

ಬೆಂಗಳೂರಿನ ಹೂವಿನಂಗಡಿಯೊಂದರಿಂದ ಗುಲಾಬಿ ಬಣ್ಣದ ಒಣಹುಲ್ಲಿನ ಕಟ್ಟೊಂದನ್ನು ತಂದಿದ್ದೆ. ಪ್ರತಿ ಕಡ್ಡಿಯ ತುದಿಗೂ ಹತ್ತಿಯುಂಡೆಯಂಥ ತೆನೆ. ಮನೆಗೆ ಬಂದವರು ಮೊದಲು ಸವರುತ್ತಾರೆ, ಆಮೇಲೆ ‘ಪ್ಲಾಸ್ಟಿಕ್ಕಾ?’ ಎನ್ನುತ್ತಾರೆ. ಒಮ್ಮೆ ನೀರು ಚೆಲ್ಲಿ ಬಣ್ಣವೆಲ್ಲ ಮೇಜಿಗಿಳಿಯಿತು. ಹುಲ್ಲು ಮಾತ್ರ ಅಸಲಿಯೇ.

ಲಗುರಸ್ ಓವೇಟಸ್ ಎಂದು ಸಸ್ಯವಿಜ್ಞಾನಿ ಲಿನ್ನೇಯಸ್ 1753ರಲ್ಲಿ ದಾಖಲಿಸಿದ ಸಸ್ಯ ಇದು. ಗ್ರೀಕಿನಲ್ಲಿ ಲಾಗೋಸ್ ಎಂದರೆ ಮೊಲ, ಊರಾ ಎಂದರೆ ಬಾಲ. ಓವೇಟಸ್ ಅಂದರೆ ಮೊಟ್ಟೆಯಾಕಾರದ್ದು. ಈ ಕುಲದಲ್ಲಿ ಇರುವುದು ಇದೊಂದೇ ಪ್ರಭೇದ. ಹಾಗಂತ ಒಂಟಿಯೇನಲ್ಲ, ನಮ್ಮ ಬೆಳಗಿನ ಓಟ್ಸ್ ಇದರ ದಾಯಾದಿ.

ಒಂದು ತೆನೆಯನ್ನು ಬಿಳಿ ಕಾಗದದ ಮೇಲಿಟ್ಟು, ಭೂತಗನ್ನಡಿ ಹಿಡಿದು ಸೂಜಿಯಲ್ಲಿ ಬಿಡಿಸಿದೆ. ಒತ್ತೊತ್ತಾಗಿ ಕೂತ ಕಿರುತೆನೆಗಳು. ಪ್ರತಿಯೊಂದರಲ್ಲೂ ಒಂದೇ ಹೂವು. ದಳಗಿಳ ಏನಿಲ್ಲ. ಹೂವಿನ ಎರಡೂ ಪಕ್ಕ ಸುಮಾರು ಒಂದು ಸೆಂಟಿಮೀಟರ್ ಉದ್ದದ ಹೊರಹೊಟ್ಟು. ತುದಿಗೆ ಹೋದಂತೆ ಎಳೆಯಷ್ಟು ತೆಳುವಾಗಿ, ಮೈತುಂಬ ಬಿಳಿಗೂದಲು. ನಾವು ಸವರಿ ಸುಖಪಡುವುದು ಇದನ್ನೇ! ರಾಗಿ ಕಣದಲ್ಲಿ ಗಾಳಿಗೆ ತೂರಿಬಿಡುವ ಹೊಟ್ಟಿನ ಜಾತಿಯದಕ್ಕೆ ಇಲ್ಲಿ ಕಾಸು ಕೊಟ್ಟಿದ್ದೇನೆ. ತುಪ್ಪಳದಿಂದಾಚೆ ಚಾಚಿದ ಒರಟು ಎಳೆ ಬೇರೆ. ಅದು ಒಳಹೊಟ್ಟಿನ ಬೆನ್ನಿಂದ ಹೊರಟ ಸುಂಕು, ನಡುವೆ ಮೊಣಕೈಯಂತೆ ಬಾಗಿದೆ.

ಎಕ್ಕದ ಬೀಜದ ಹಾಗೆ ಈ ಕೂದಲೂ ಕಾಳನ್ನು ಹಾರಿಸಲಿಕ್ಕೇ ಇರಬೇಕು ಎಂದುಕೊಂಡಿದ್ದೆ. ತಪ್ಪು. ಬಲಿತಾಗ ತೆನೆ ಮುರಿಯುವುದು ಹೊರಹೊಟ್ಟಿನ ಮೇಲ್ಗಡೆ. ಕಾಳು, ಒಳಹೊಟ್ಟು, ಸುಂಕು ಒಟ್ಟಿಗೆ ಕಳಚಿಕೊಳ್ಳುತ್ತವೆ. ಕೂದಲು ಹೊತ್ತ ಹೊರಹೊಟ್ಟು ಕಡ್ಡಿಯಲ್ಲೇ ಉಳಿಯುತ್ತದೆ. ಕಟ್ಟನ್ನು ತಲೆಕೆಳಗಾಗಿಸಿ ಪೇಪರಿನ ಮೇಲೆ ತಟ್ಟಿದಾಗ ನಾಲ್ಕಾರು ಕಾಳು ಉದುರಿದವು, ಬಾಲ ಒಂದಿಷ್ಟೂ ಸೊರಗಲಿಲ್ಲ. ಹೂದಾನಿಯಲ್ಲಿ ವರ್ಷಗಟ್ಟಲೆ ಇದು ಹೀಗೇ ನಿಲ್ಲುವುದು ಅದಕ್ಕೇ.

ಇದರ ತವರು ಮೆಡಿಟರೇನಿಯನ್ ಕರಾವಳಿಯ ಮರಳುದಿಬ್ಬ. ಸತ್ವವಿಲ್ಲದ ನೆಲ, ಉಪ್ಪುಗಾಳಿ, ನೀರೊಂದು ಕ್ಷಣವೂ ನಿಲ್ಲದ ಮರಳು. ಅಲ್ಲಿ ಮಳೆಗಾಲವೆಂದರೆ ಚಳಿಗಾಲ. ಮೊದಲ ಮಳೆಗೆ ಮೊಳೆತು, ಚಳಿಯಲ್ಲಿ ತೆಂಡೆಯೊಡೆದು, ವಸಂತದಲ್ಲಿ ಮೊಣಕಾಲೆತ್ತರಕ್ಕೆ ತೆನೆಯೆತ್ತಿ, ಬೇಸಿಗೆ ಕಾಯುವ ಹೊತ್ತಿಗೆ ಗಿಡ ಸತ್ತಿರುತ್ತದೆ. ಬರವನ್ನು ಎದುರಿಸುವ ಆಳಬೇರು, ಗೆಡ್ಡೆ ಯಾವುದರ ಗೋಜೂ ಇಲ್ಲ. ಬರ ಬರುವಾಗ ಇದು ಬರೀ ಕಾಳು.

ಅಲಂಕಾರಕ್ಕೆಂದು ಒಯ್ದಲ್ಲಿ ತೋಟದ ಬೇಲಿ ದಾಟಿದ್ದೂ ಉಂಟು. ಕ್ಯಾಲಿಫೋರ್ನಿಯಾ, ದಕ್ಷಿಣ ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾದ ಕೇಪ್ ಸೀಮೆಗಳ ಕರಾವಳಿಯಲ್ಲಿ ಈಗ ತಾನೇ ತಾನಾಗಿ ಬೆಳೆಯುತ್ತದೆ. ಮೂರೂ ಕಡೆ ಚಳಿಗಾಲದಲ್ಲೇ ಮಳೆ. ಕಾರವಾರದಲ್ಲೂ ಮರಳಿದೆ, ಉಪ್ಪುಗಾಳಿಯಿದೆ. ಮಳೆ ಮಾತ್ರ, ತವರಿನಲ್ಲಿ ಇದು ಕಾಳಾಗಿ ಮಲಗಿರುವ ಜೂನ್‌ನಲ್ಲಿ ಸುರಿಯುತ್ತದೆ.