ಹಳೆಯ ಕಾಂಗಾಕ್ಕೆ ಹೊಸ ತೊಗಲು

ಮುಂಬೈಗೆ ಬಂದ ಹೊಸದರಲ್ಲಿ ಹಿರಿಯ ವಾದಕರೊಬ್ಬರಿಂದ ಕೊಂಡ ಕಾಂಗಾ ಜೋಡಿ ನನ್ನದು. ಅವರು ಈಗಿಲ್ಲ. ಕಳೆದ ಮಳೆಗಾಲದಲ್ಲಿ ದೊಡ್ಡದರ ತೊಗಲು ಅಂಚಿನಲ್ಲಿ ಹರಿಯಿತು. ಬಾಯಿ ಅಳೆದೆ, 12.5 ಇಂಚು. ಅದೇ ಅಳತೆಯದನ್ನು ಆನ್‌ಲೈನ್‌ನಲ್ಲಿ ತರಿಸಿದೆ, ಕೂರಲೇ ಇಲ್ಲ.

ಆಮೇಲೆ ತಿಳಿಯಿತು: ಇಂಚು ಒಂದೇ ಆದರೂ ಕಂಪನಿಗೊಂದು ಬಳೆ. ಬಾಯಿಯ ಹೊರ ಅಂಚು, ತೊಗಲು ಸುತ್ತಿದ ಒಳಬಳೆ, ಅದನ್ನು ಒತ್ತುವ ಲೋಹದ ಬಳೆ ಮೂರೂ ಹೊಂದಬೇಕು. ಕೊನೆಗೆ ಹಳೆಯ ಒಳಬಳೆ ಹಿಡಿದು ತಬಲಾ ರಿಪೇರಿಯವರ ಬಳಿ ಹೋದೆ. ಎಮ್ಮೆ ತೊಗಲನ್ನು ರಾತ್ರಿಯಿಡೀ ನೆನೆಸಿ, ಅದೇ ಬಳೆಗೆ ಸುತ್ತಿ, ಕಾಂಗಾದ ಮೇಲೆಯೇ ಬಿಗಿದು ನೆರಳಲ್ಲಿ ಒಣಗಿಸಿಕೊಟ್ಟರು.

ರಾಜ್ಯೋತ್ಸವಕ್ಕೆ ನಮ್ಮ ಸಂಘದ ವೇದಿಕೆಯಲ್ಲಿ ಅದು ಮತ್ತೆ ಮೊಳಗಿತು. ಈಗ ನುಡಿಸಿದ ಮೇಲೆ ತಪ್ಪದೆ ಬಿಗಿ ಸಡಿಲಿಸುತ್ತೇನೆ. ತೊಗಲು ಹರಿದರೂ ಬಳೆ ಎಸೆಯಬೇಡಿ. ನಿಜವಾದ ಅಳತೆ ಅದರಲ್ಲೇ ಇರುತ್ತದೆ.