ತಪ್ಪಿಸಿಕೊಂಡರೂ ಟ್ಯಾಂಕ್ ಸಿಡಿಯುವುದೇಕೆ?

ಪ್ರಶ್ನೆ: ಡೀಪ್.ಐಒ ಆಡುವಾಗ ಗುಂಡಿನಿಂದ ತಪ್ಪಿಸಿಕೊಂಡರೂ ನನ್ನ ಟ್ಯಾಂಕ್ ಸಿಡಿಯುತ್ತದೆ. ಏಕೆ?
— ಓದುಗರು, ವೈ.ಎನ್.ಹೊಸಕೋಟೆ

ಉತ್ತರ: ನಿಮ್ಮ ಕೈಚಳಕದಲ್ಲಿ ಕೊರತೆಯಿಲ್ಲ. 2016ರಲ್ಲಿ ಬಂದ ಈ ಆನ್‌ಲೈನ್ ಟ್ಯಾಂಕ್ ಆಟದಲ್ಲಿ ಗುಂಡು ತಗುಲಿತೋ ಇಲ್ಲವೋ ಎಂದು ತೀರ್ಮಾನಿಸುವುದು ದೂರದ ಸರ್ವರ್. ನಿಮ್ಮ ಪರದೆಯ ಮೇಲಿರುವುದು ಆಗಲೇ ಹಳತಾದ ಚಿತ್ರ. ಸರ್ವರಿನ ಮಾಹಿತಿ ಹೊತ್ತ ಬೆಳಕು ಗಾಜಿನೆಳೆಯ ಕೇಬಲ್ಲಿನಲ್ಲಿ ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. ಸರ್ವರ್ 3,000 ಕಿ.ಮೀ. ಆಚೆಯ ಸಿಂಗಪುರದಲ್ಲಿದ್ದರೆ ಹೋಗಿಬರಲು ಕನಿಷ್ಠ 30 ಮಿಲಿಸೆಕೆಂಡ್ ಬೇಕು. ಮೊಬೈಲ್ ಟವರ್, ನಡುವಿನ ರೂಟರ್‌ಗಳು ಇನ್ನಷ್ಟು ಸೇರಿಸುತ್ತವೆ. ಬ್ರೌಸರ್ ಆಟಗಳು ಸರ್ವರ್ ಜೊತೆ ಮಾತಾಡಲು ಬಳಸುವ ವೆಬ್‌ಸಾಕೆಟ್ ಸಂಪರ್ಕದಲ್ಲಿ ಇನ್ನೊಂದು ತೊಡಕಿದೆ. ಮಾಹಿತಿಯ ಒಂದು ತುಣುಕು ದಾರಿಯಲ್ಲಿ ಕಳೆದರೆ, ಅದು ಮತ್ತೆ ಬರುವವರೆಗೂ ಅದರ ಹಿಂದೆ ಬಂದವೆಲ್ಲ ಕಾಯಬೇಕು. ನಿಮ್ಮೂರಿನ ರೇಷ್ಮೆ ಮಗ್ಗದಲ್ಲಿ ಎಳೆ ಕಡಿದಾಗ ಗಂಟು ಹಾಕುವತನಕ ಲಾಳಿ ನಿಲ್ಲುವುದಿಲ್ಲವೇ, ಹಾಗೆ. ಆಯ್ಕೆಯಿದ್ದರೆ ಹತ್ತಿರದ ಸರ್ವರನ್ನೇ ಆರಿಸಿಕೊಳ್ಳಿ.